ಬಿಲ್ಲಿನಲ್ಲಿದ್ದ ಹೆಸರು

ನೋಂದಣಿ ಕಚೇರಿ ಎದುರಿನ ಓಣಿಯಲ್ಲಿ ಅವಳಿಗೆ ‘ರೂಲ್ಸ್ ಅಕ್ಕ’ ಎಂದೇ ಹೆಸರು. ಇಪ್ಪತ್ತೆರಡು ವರ್ಷದಿಂದ ಕರಾರು ಪತ್ರ ಟೈಪ್ ಮಾಡಿದ ಕೈ. ಹಿಂದಿನ ತಾರೀಕು ಹಾಕಿಕೊಡಿ ಎಂದು ಯಾರಾದರೂ ಹಲ್ಲು ಗಿಂಜಿದರೆ ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಪಕ್ಕದ ಅಂಗಡಿ ತೋರಿಸುವಳು. ಓಣಿಯ ಉಳಿದ ಕಂಪ್ಯೂಟರುಗಳಲ್ಲೆಲ್ಲ ಕದ್ದ ಆಪರೇಟಿಂಗ್ ಸಿಸ್ಟಂ ಓಡುತ್ತಿದ್ದರೆ ಅವಳದು ಮಾತ್ರ ಅಸಲಿ. ಮೊದಲು ಹಳೆಯ ಆವೃತ್ತಿ ಕೊಂಡು, ಆಮೇಲೆ ಮತ್ತೆ ದುಡ್ಡು ಹಾಕಿ ಅದನ್ನು ಹೊಸದಕ್ಕೆ ಏರಿಸಿಕೊಂಡಿದ್ದಳು. ಎರಡನ್ನೂ ತಂದುಕೊಟ್ಟವನು ತಮ್ಮ. ಅವನದು ಪೇಟೆಯಲ್ಲಿ ಜೆರಾಕ್ಸ್ ಅಂಗಡಿ.

ಹಳೆಯ ಕಂಪ್ಯೂಟರು ಅರ್ಧ ಪತ್ರಕ್ಕೇ ಕಣ್ಣು ಮುಚ್ಚತೊಡಗಿದಾಗ ಹೊಸದು ತಂದಳು. ಏರಿಸಿಕೊಂಡಿದ್ದ ಆವೃತ್ತಿಯ ಡಬ್ಬಿಯೊಳಗಿನ ಪುಸ್ತಿಕೆಯನ್ನು ಸಾಲು ಸಾಲಾಗಿ ಓದಿದಳು. ಲೈಸೆನ್ಸನ್ನು ಬೇರೆ ಕಂಪ್ಯೂಟರಿಗೆ ಒಯ್ಯಬಹುದು, ಆದರೆ ಹಳೆಯದರಿಂದ ಮೊದಲು ತೆಗೆಯಬೇಕು ಎಂದಿತ್ತು. ಕೈಯಾರೆ ಎಲ್ಲವನ್ನೂ ಅಳಿಸಿದಳು. ಹೊಸದರಲ್ಲಿ ಹಳೆಯ ಆವೃತ್ತಿ ಸಲೀಸಾಗಿ ಕೂತಿತು. ಏರಿಸಿದ ಆವೃತ್ತಿಯ ಲೈಸೆನ್ಸ್ ನಂಬರು ಒತ್ತಿದಾಗ ಮಾತ್ರ, ಇದು ಬೇರೊಂದು ಕಂಪ್ಯೂಟರಿನಲ್ಲಿ ಬಳಕೆಯಲ್ಲಿದೆ ಎಂದು ಪರದೆ ಹೇಳಿತು.

ಲೈಸೆನ್ಸ್ ಕೊಟ್ಟ ಕಂಪನಿಗೆ ಫೋನ್ ಮಾಡಿದಳು.

“ನಾಲ್ಕು ತಿಂಗಳ ಹಿಂದೇನೇ ಇನ್ನೊಂದು ಮಶೀನಿಗೆ ಹೋಗಿದೆ ಮೇಡಂ,” ಎಂದಳು ಅಲ್ಲಿನ ಹುಡುಗಿ. “ಬಿಲ್ ಯಾರ ಹೆಸರಲ್ಲಿದೆ?”

ಬಿಲ್ಲನ್ನು ಅವಳು ಮೊದಲ ಸಲ ಪೂರ್ತಿ ಓದಿದಳು. ತಮ್ಮನ ಹೆಸರಿತ್ತು. ನಾಲ್ಕು ತಿಂಗಳ ಹಿಂದೆ, ಕಂಪ್ಯೂಟರ್ ಕ್ಲೀನ್ ಮಾಡ್ತೀನಿ ಎಂದು ಬಂದಿದ್ದವನು ಅವನೇ. ನಂಬರಿದ್ದ ಡಬ್ಬಿಯನ್ನು ಅವನ ಕೈಗೆ ಕೊಟ್ಟವಳೂ ಇವಳೇ. ಅಂದಿನಿಂದ ಪರದೆಯ ಮೂಲೆಯಲ್ಲಿ ಏನೋ ಎಚ್ಚರಿಕೆ ಬರುತ್ತಿತ್ತು. ಕೇಳಿದ್ದಕ್ಕೆ, “ಅದು ಹಾಗೇ ಬರ್ತಿರುತ್ತೆ ಬಿಡಕ್ಕಾ,” ಎಂದಿದ್ದ.

ಮರುದಿನ ಅವನ ಅಂಗಡಿಗೆ ಹೋದಳು. ಲೈಸೆನ್ಸನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡದ್ದನ್ನು ಅವನು ಇಲ್ಲವೆನ್ನಲಿಲ್ಲ.

“ಒಂದು ನಂಬರಿಗೋಸ್ಕರ ಇಷ್ಟು ದೂರ ಬಂದ್ಯಾ? ನಿನಗೊಂದು ಕಾಪಿ ಹಾಕಿಕೊಡ್ತೀನಿ. ಊರೆಲ್ಲಾ ಅದನ್ನೇ ಬಳಸ್ತಿದೆ.”

“ನನಗೆ ಕಾಪಿ ಬೇಡ. ನನ್ನದನ್ನ ನನಗೆ ಕೊಡು.”

“ಬಿಲ್ ನನ್ನ ಹೆಸರಲ್ಲಿದೆಯಲ್ಲಕ್ಕಾ. ರೂಲ್ಸ್ ಪ್ರಕಾರ ಅದು ನಂದೇ. ನೀನೇ ತಾನೇ ರೂಲ್ಸ್ ಅಕ್ಕ?”

ಜೆರಾಕ್ಸಿಗೆ ನಿಂತಿದ್ದ ಇಬ್ಬರು ನಕ್ಕರು. ಇಷ್ಟು ವರ್ಷ ಓಣಿಯವರ ಬಾಯಲ್ಲಿ ಕೇಳಿ ಒಳಗೊಳಗೇ ಹೆಮ್ಮೆಪಟ್ಟ ಹೆಸರು ಅಂದು ಕೆನ್ನೆಗೆ ಹೊಡೆದಂತಾಯಿತು. ಮೆಟ್ಟಿಲಿಳಿದಳು.

ಕಂಪನಿಯ ಹುಡುಗಿ ತಾನಾಗಿಯೇ ಫೋನ್ ಮಾಡಿದಳು. “ಬಿಲ್ ಯಾರ ಹೆಸರಲ್ಲಿದೆಯೋ ಅವರೇ ಬಿಟ್ಟುಕೊಡಬೇಕು ಮೇಡಂ. ದೂರು ಬರ್ಕೊಳ್ಳಲಾ?”

“ಬೇಡಮ್ಮ. ಅವನು ನನ್ನ ತಮ್ಮ,” ಎಂದಳು. ಹಾಗೆ ಹೇಳುವುದಕ್ಕೂ ನಾಚಿಕೆಯಾಯಿತು.

ಹಳೆಯ ಆವೃತ್ತಿಯಲ್ಲಿ ಅವಳ ಕನ್ನಡ ಟೈಪಿಂಗ್ ಓಡುತ್ತಿರಲಿಲ್ಲ; ಒಂಬತ್ತು ದಿನ ಅವಳ ಅಂಗಡಿಯ ಬಾಗಿಲು ತೆರೆಯಲಿಲ್ಲ. ಕಾಯಂ ಗಿರಾಕಿಗಳು ಪಕ್ಕದವನ ಪಾಲಾದರು. ಕೆಲವರು ಆಮೇಲೂ ತಿರುಗಿ ಬರಲಿಲ್ಲ. ಹತ್ತನೆಯ ದಿನ ಅವಳು ಹೊಸ ಲೈಸೆನ್ಸ್ ಕೊಂಡಳು. ಬಿಲ್ ಬರೆಯುವವನಿಗೆ ತನ್ನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದಳು.

ಎರಡು ತಿಂಗಳಾದ ಮೇಲೆ ತಮ್ಮ ಏನೂ ನಡೆದೇ ಇಲ್ಲವೆಂಬಂತೆ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಅವನ ಅಂಗಡಿಯ ಬಾಡಿಗೆ ಕರಾರು ಟೈಪ್ ಆಗಬೇಕಿತ್ತು.

“ಹೆಸರು?” ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ಅವನು ನಕ್ಕ. ಅವಳು ಕಾದಳು. ನಗು ನಿಂತ ಮೇಲೆ ಅವನು ಹೆಸರು ಹೇಳಿದ.

“ತಂದೆಯ ಹೆಸರು?”

ಅವನು ಅದನ್ನೂ ಹೇಳಿದ. ಅವಳು ಟೈಪ್ ಮಾಡಿಕೊಂಡಳು.