ಪ್ಯಾರಲಲ್ ಪ್ಯಾಂಟಿನ ಕಾಲ

ಕೋವಿಡ್ ಕಳೆದು ಆಫೀಸು ಮತ್ತೆ ತೆರೆದ ಮೇಲೆ, ನಮ್ಮನ್ನೆಲ್ಲ ಮನೆಯಿಂದ ಹೊರಗೆಳೆಯಲು ಮ್ಯಾನೇಜರಮ್ಮ ಅಮೆರಿಕದ ಹರ್ನ್‌ಡನ್ನಿನ ನಮ್ಮ ಆಫೀಸಿನಲ್ಲಿ ಒಂದು ಪಾರ್ಟಿ ಇಟ್ಟಳು. ತೊಂಬತ್ತರ ದಶಕದ ಫ್ಯಾಶನ್ನಿನಲ್ಲಿ ಬರಬೇಕು, ಚೆನ್ನಾಗಿ ಹಾಕಿಕೊಂಡು ಬಂದವರಿಗೆ ಬಹುಮಾನ. ನನಗೆ ಹಿಗ್ಗೋ ಹಿಗ್ಗು. ಆ ದಶಕದಲ್ಲಿ ನಾನು ಮೈಸೂರಿನಲ್ಲಿ ಕಾಲೇಜು ಹುಡುಗಿ. ಫ್ಯಾಶನ್ ವಿಷಯದಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಂತೂ ಇರಲಿಲ್ಲ.

ನಮಗೆ ಡಿಸೈನರ್ ಅಂದರೆ ಮಾರ್ಕೆಟ್ಟಿನ ಹಿಂದಿನ ಟೈಲರ್. ಬಾಂಬೆಯ ದೊಡ್ಡ ಡಿಸೈನರುಗಳು ಮಾಡಿದ್ದರ ಚಿತ್ರಗಳನ್ನು ಮ್ಯಾಗಜೀನಿನಿಂದ ಕತ್ತರಿಸಿ ಒಯ್ದು ತೋರಿಸುತ್ತಿದ್ದೆವು. ಕತ್ತು ಈ ಚಿತ್ರದ್ದು, ತೋಳು ಆ ಚಿತ್ರದ್ದು. ಅವನು ಮೂರನೆಯದೇ ಏನನ್ನೋ ಹೊಲಿದು ಕೊಡುತ್ತಿದ್ದ, ನಾವು ಅದನ್ನೇ ಹಾಕಿಕೊಂಡು ಮೆರೆಯುತ್ತಿದ್ದೆವು. ನನ್ನ ಗಿಳಿಹಸಿರು ಸೆಟ್ಟು ಅವನ ಕೈಯದೇ. ಸೊಂಟದವರೆಗೆ ಸ್ಲಿಟ್ಟಿದ್ದ ಕಮೀಜು, ಕೆಳಗೆ ಅಗಲವಾದ ಪ್ಯಾರಲಲ್ ಪ್ಯಾಂಟು, ಹಿಂಡಿ ಒಣಹಾಕಿದಂತೆ ಸುಕ್ಕುಸುಕ್ಕಾದ ವೇಲ್. ಮೊದಲ ದಿನವೇ ಅಜ್ಜಿ, "ಪೈಜಾಮ ಹಾಕ್ಕೊಂಡು ಬೀದಿಗೆ ಹೊರಟ್ಲು" ಎಂದು ಮುಖ ಊದಿಸಿಕೊಂಡರು. ಒಂದೆರಡು ವರ್ಷ ಎಲ್ಲರ ಮೈಮೇಲೂ ಅದೇ. ಆಮೇಲೆ ಅದನ್ನು ಯಾರೂ ಮೂಸಿ ನೋಡಲಿಲ್ಲ.

ಪಾರ್ಟಿಯ ದಿನ, ಅಮ್ಮ ಯಾವಾಗಲೋ ಮೈಸೂರಿನಿಂದ ತಂದುಕೊಟ್ಟಿದ್ದ ಆ ಸೆಟ್ಟನ್ನೇ ತೆಗೆದು, ಒಳಗಿನ ಹೊಲಿಗೆ ಬಿಚ್ಚಿ, ಉಸಿರು ಬಿಗಿಹಿಡಿದು ಹಾಕಿಕೊಂಡೆ. ಐಲೈನರಿನಲ್ಲಿ ಹಣೆಗೆ ಹಾವಿನಂಥ ಬೊಟ್ಟನ್ನೂ ಬರೆದುಕೊಂಡೆ.

ಗಂಡ ಕಾಫಿ ಕುಡಿಯುತ್ತಾ, "ಏನೇ, ಆಫೀಸಲ್ಲಿ ಸತ್ಯನಾರಾಯಣ ಪೂಜೆನಾ?" ಎಂದ.

"ನಿಮಗೇನ್ರೀ ಗೊತ್ತು ಫ್ಯಾಶನ್ನು? ಆವಾಗ್ಲೂ ಚೆಕ್ಸ್ ಶರ್ಟು, ಈವಾಗ್ಲೂ ಚೆಕ್ಸ್ ಶರ್ಟು" ಎಂದು ಬಾಯಿ ಮುಚ್ಚಿಸಿ ಹೊರಟೆ.

ಅಲ್ಲಿ ಎಲ್ಲರದೂ ದೊಗಳೆ ಜೀನ್ಸು. ನನ್ನನ್ನು ನೋಡಿದವರೆಲ್ಲ, ನಿಮ್ಮ ಸಾಂಪ್ರದಾಯಿಕ ಉಡುಪು ಎಷ್ಟು ಚೆಂದ ಎಂದರು. ನನಗೆ ಮೈಯೆಲ್ಲ ಉರಿಯಿತು. ಯಾವ ಸಂಪ್ರದಾಯ? ಇದನ್ನು ಹಾಕಿಕೊಂಡು ಸಂಪ್ರದಾಯಸ್ಥರಿಂದಲೇ ಬೈಸಿಕೊಂಡವಳು ನಾನು. ಇದೂ ತೊಂಬತ್ತರ ಫ್ಯಾಶನ್ನೇ ಎಂದು ಮ್ಯಾನೇಜರಮ್ಮನಿಗೆ ಬಿಡಿಸಿ ಹೇಳಿದೆ. ಅವಳು ನಗುನಗುತ್ತಾ ತಲೆಯಾಡಿಸಿದಳು. ಕೊನೆಗೆ ನನಗೆಂದೇ "ಬೆಸ್ಟ್ ಟ್ರೆಡಿಷನಲ್" ಎಂಬ ಹೊಸ ಬಹುಮಾನ ಸೃಷ್ಟಿಸಿ ಒಂದು ಮಗ್ ಕೈಗಿಟ್ಟಳು. ಅವರಿಗೆ ಹತ್ತು ವರ್ಷಕ್ಕೊಂದು ಫ್ಯಾಶನ್, ನಮಗೆ ಮಾತ್ರ ಎಂದೆಂದಿಗೂ ಸಂಪ್ರದಾಯವೇ? ಅಳು ಬರುವಷ್ಟು ಬೇಜಾರಾಯಿತು. ನನ್ನ ಇಡೀ ಕಾಲೇಜು ಕಾಲವನ್ನೇ ಯಾರೋ ಇಲ್ಲವೆಂದಂತಾಯಿತು.

ಒಂದು ಮೂಲೆಯಲ್ಲಿ ಕೇಕು ತಿನ್ನುತ್ತಾ ನಿಂತಿದ್ದೆ. ಅಕೌಂಟ್ಸ್ ವಿಭಾಗದ ಲಾಹೋರಿನ ಹೆಂಗಸು ಹತ್ತಿರ ಬಂದಳು. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಹಲೋ ಬಿಟ್ಟರೆ ಬೇರೆ ಮಾತಿರಲಿಲ್ಲ. ಅವಳು ನನ್ನ ಪ್ಯಾಂಟಿನ ಅಗಲ ನೋಡಿದಳು, ಸ್ಲಿಟ್ಟು ಎಲ್ಲಿಯವರೆಗಿದೆ ಎಂದು ನೋಡಿದಳು. ಆಮೇಲೆ, ನಾನು ಹಿಂದಿ ಅನ್ನುವ, ಅವಳು ಉರ್ದು ಅನ್ನುವ ಭಾಷೆಯಲ್ಲಿ ಕೇಳಿದಳು:

"ತೊಂಬತ್ತೆಂಟಾ?"

"ತೊಂಬತ್ತೇಳು" ಎಂದೆ. ಸಂಪ್ರದಾಯಕ್ಕೆ ಯಾರೂ ಇಸವಿ ಕೇಳುವುದಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ.

"ನಿಮ್ಮೂರಿಗೆ ಬೇಗ ಬಂದಿತ್ತು" ಎಂದಳು, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.