ಸಪೂರ ಬಾಣಕ್ಕೆ ತಕ್ಕ ಅಲಗು: ವರ್ನಾ ಸ್ಟೊಡೊಲಾ ಅವರ ಬೆಂಚು

ಇನ್ನೂ ಬೆಳಕು ಹರಿದಿಲ್ಲ. ಟೋರ್ಸನ್ ಕೂಲಿ ಎಂಬ ಕಣಿವೆಯೂರಿನ ಮುಖ್ಯರಸ್ತೆಯಲ್ಲಿ ಎರಡೇ ದೀಪ, ಎರಡೂ ಒಂದೇ ಮನೆಯವರವು. ಒಂದು ಮೈಲೋ ಸ್ಟೊಡೊಲಾ ಓಡಿಸುವ ಹಾಲಿನ ಲಾರಿಯದು. ಇನ್ನೊಂದು ಬ್ರೆಕ್ಕೆ ಹಾರ್ಡ್‌ವೇರ್ ಅಂಗಡಿಯ ಹಿಂಭಾಗದ್ದು. ಬಣ್ಣದ ಡಬ್ಬಿಗಳು, ಸಲಿಕೆಗಳು, ಗಾಳಕ್ಕೆ ಸಿಕ್ಕಿಸುವ ಎರೆಹುಳದ ಫ್ರಿಜ್ಜು, ಇವನ್ನೆಲ್ಲ ದಾಟಿ ಹೋದರೆ ಕೊನೆಯಲ್ಲೊಂದು ಮರದ ಬೆಂಚು. ಅಲ್ಲಿ ಮೈಲೋ ಅವರ ಹೆಂಡತಿ ವರ್ನಾ ಕೂತು ಬಾಣ ಉರುಳಿಸುತ್ತಿದ್ದಾರೆ.

ಎರಡು ಪುಟ್ಟ ಗಾಲಿಗಳ ಮೇಲೆ ಬಾಣವನ್ನು ಮಲಗಿಸಿ ಒಂದು ಬೆರಳಿನಿಂದ ತಿರುಗಿಸುತ್ತಾರೆ. ಕಣ್ಣು ಮಾತ್ರ ತುದಿಯ ಅಲಗಿನ ಮೇಲೆ. ಕಡ್ಡಿ ಎಷ್ಟೇ ಸುತ್ತಲಿ, ಅಲಗಿನ ಮೊನೆ ನಿಂತ ಜಾಗ ಬಿಟ್ಟು ಅಲುಗಬಾರದು. ಈಗ ಗಾಲಿಯ ಮೇಲಿರುವುದರ ಮೊನೆ ಕೂದಲೆಳೆಯಷ್ಟು ನಡುಗುತ್ತಿದೆ. ವರ್ನಾ ಅಲಗನ್ನು ಬಿಚ್ಚಿ ಪಕ್ಕಕ್ಕಿಟ್ಟು, ಅದರ ಜಾಗಕ್ಕೆ ಅಭ್ಯಾಸದ ಬೋಳುಮೊನೆಯೊಂದನ್ನು ತಿರುಪಿ, ಅದನ್ನು ಸಣ್ಣ ಉರಿಗೆ ಹಿಡಿಯುತ್ತಾರೆ. ಬಿಸಿಗೆ ಒಳಗಿನ ಅಂಟು ಮೆತ್ತಗಾಗುತ್ತದೆ. ಕಡ್ಡಿಯ ತುದಿಗೆ ತೊಡಿಸಿದ ಲೋಹದ ಬಳೆಯನ್ನು ಒಂಚೂರು ತಿರುಗಿಸಿ, ಆರಲು ಬಿಟ್ಟು, ಅಲಗು ಹಾಕಿ ಮತ್ತೆ ಉರುಳಿಸುತ್ತಾರೆ. ಈ ಸಲ ಮೊನೆ ನಿಂತಿತು. ಬಳೆ ಮತ್ತು ಅಲಗು ಸೇರುವ ಕಡೆ ಹಸಿರು ಉಗುರುಬಣ್ಣದ ಒಂದು ಚುಕ್ಕೆ ಇಟ್ಟು ಡಬ್ಬಿಗೆ ಹಾಕುತ್ತಾರೆ.

ಕರಗಿದ ಅಂಟು ಸ್ವೆಟರಿನ ಮೇಲೆ ಬಿದ್ದು ಗಟ್ಟಿಯಾಗಿದೆ. ಏಪ್ರನ್ ಏನೋ ಇದೆ, ಬೆಂಚಿನ ಮೇಲ್ಗಡೆ ಗೋಡೆಯ ಮೊಳೆಗೆ ತೂಗುಹಾಕಿದ್ದಾರೆ. ಅವರ ಬಗ್ಗೆ ಲೇಖನ ಬರೆಯಲು ಬಂದಿದ್ದ ನಾನು, ಹಾಕಿಕೊಳ್ಳಬಾರದೇ ಎಂದೆ.

"ಅದು ಅಲ್ಲೇ ಇರ್ಲಿ ಬಿಡು," ಎಂದು ಮುಂದಿನ ಬಾಣ ಎತ್ತಿಕೊಂಡರು.

ಬರುವ ಶನಿವಾರ ಬಿಲ್ಲು ಬೇಟೆಯ ಮೊದಲ ದಿನ. ಈ ವಾರ ಊರಿನಲ್ಲಿ ಮದುವೆ ಇಟ್ಟುಕೊಳ್ಳುವ ಧೈರ್ಯ ಯಾರಿಗೂ ಇಲ್ಲ. ಹಲ್ಲಿನ ಡಾಕ್ಟರಿಂದ ಪಾದ್ರಿಯವರೆಗೆ ಎಲ್ಲರೂ ತಮ್ಮ ತಮ್ಮ ಬಾಣ ಹಿಡಿದು ಈ ಬೆಂಚಿಗೆ ಬರುತ್ತಾರೆ. ಜಿಂಕೆ ಹೊಡೆದ ಮೇಲೆ ಕೊಂಬು ಹಿಡಿದು ಫೋಟೊ ತೆಗೆಸಿಕೊಳ್ಳುವವರು ಅವರು. ಆ ಫೋಟೊಗಳು ಅಂಗಡಿಯ ಮುಂಗೋಡೆಯ ತುಂಬ ಇವೆ. ಹಿಂದಿನ ಬೆಂಚಿನವರ ಫೋಟೊ ಒಂದೂ ಇಲ್ಲ.

ವರ್ನಾ ಬೇಟೆಗಾರ್ತಿಯಲ್ಲ. ಹರೆಯದಲ್ಲಿ ಚೀಸ್ ಕಾರ್ಖಾನೆಯಲ್ಲಿ ತುಂಡು ಕತ್ತರಿಸುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಹಾರ್ಡ್‌ವೇರ್ ಅಂಗಡಿಯ ಹಿರಿಯ ಬ್ರೆಕ್ಕೆ, ಮೊಳೆ ತೂಗಿ ಕೊಡಲು ಕರೆದರು. ಚಳಿಗಾಲದಲ್ಲಿ ಗಿರಾಕಿ ಇಲ್ಲದಾಗ ಬಾಣಕ್ಕೆ ಗರಿ ಅಂಟಿಸಲು ಕಲಿಸಿದರು. ಈಗ ಹಿರಿಯರು ಇಲ್ಲ, ಮಗ ಡೆರೆಕ್ ಗಲ್ಲೆಯಲ್ಲಿ ಕೂರುತ್ತಾರೆ. ಕಾಡಿಗೆ ಹೋಗಬೇಕು ಎನಿಸಿಲ್ಲವೇ ಎಂದು ಕೇಳಿದರೆ ವರ್ನಾ ನಗುತ್ತಾರೆ.

"ಮರದ ಮೇಲೆ ಮಾತಿಲ್ಲದೆ ಕೂರ್ಬೇಕಂತೆ. ಮೈಲೋ ಜೊತೆ ಮನೇಲಿ ಅದನ್ನೇ ಮಾಡ್ತೀನಲ್ಲ, ಅಷ್ಟು ದೂರ ಯಾಕೆ ಹೋಗ್ಲಿ?"

ಈಚೆಗೆ ಬೇಟೆಗಾರರಿಗೆಲ್ಲ ಸಪೂರ ಬಾಣದ ಹುಚ್ಚು ಹಿಡಿದಿದೆ. ಪೆನ್ಸಿಲಿಗಿಂತ ತೆಳುವಾದ ಕಡ್ಡಿ. ಗಾಳಿ ಇದನ್ನು ಅಷ್ಟಾಗಿ ತಳ್ಳದು, ಮೈಯೊಳಗೆ ಸಲೀಸಾಗಿ ಇಳಿಯುತ್ತದೆ. ಅದೆಲ್ಲ ನಿಜವೇ. ಆದರೆ ಮಾಮೂಲಿ ಅಲಗಿನ ತಿರುಪು ಈ ಕಡ್ಡಿಯ ಒಳಗೆ ಹಿಡಿಯುವುದಿಲ್ಲ. ಅದಕ್ಕೇ ಹೊರಗಿನಿಂದ ಬಳೆ ತೊಡಿಸಬೇಕು. ಬಳೆ ಮೆದು ಲೋಹದ್ದಾದರೆ ಮೂಳೆಗೆ ಬಡಿದ ಕ್ಷಣ ಬಾಗುತ್ತದೆ. ಅಲಗಿನ ಬುಡ ಬಳೆಗಿಂತ ದಪ್ಪವಾದರೆ ನಡುವೆ ಒಂದು ಮೆಟ್ಟಿಲು ಉಳಿದು, ಒಳಗೆ ಇಳಿಯುವಾಗ ತಡೆಯುತ್ತದೆ. ಬಾಣಕ್ಕೆ ದುಡ್ಡು ಸುರಿದು, ಅಲಗಿಗೆ ಹಳೆಯದನ್ನೇ ತಿರುಪಿಕೊಂಡು ಹೋಗುವವರೇ ಹೆಚ್ಚು. ಗುರಿ ತಪ್ಪಿದ ಮೇಲೆ ಬಂದು ಕಡ್ಡಿಯನ್ನು ಬೈಯುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಜಾತಿಯವರು.

ಅಲಗಿನಲ್ಲೂ ಎರಡು ಬಗೆ. ಒಂದು, ಸದಾ ಹರಿತವಾಗಿ ನಿಂತಿರುವ ಗಟ್ಟಿ ಅಲಗು. ಇನ್ನೊಂದು, ಹಾರುವಾಗ ಮಡಚಿಕೊಂಡಿದ್ದು ತಾಗಿದೊಡನೆ ರೆಕ್ಕೆಯಂತೆ ಬಿಚ್ಚಿಕೊಳ್ಳುವುದು. ಬಿಚ್ಚುವ ಅಲಗು ಅಗಲವಾಗಿ ಕತ್ತರಿಸುತ್ತದೆ, ರಕ್ತದ ಜಾಡು ಚೆನ್ನಾಗಿ ಸಿಗುತ್ತದೆ, ಅಂಗಡಿಯಲ್ಲಿ ಖರ್ಚಾಗುವುದೂ ಅದೇ. ಆದರೆ ಬಿಚ್ಚಿಕೊಳ್ಳಲು ಅದಕ್ಕೆ ಬಲ ಬೇಕು. ಆ ಬಲವನ್ನು ಬಿಲ್ಲು ಕೊಡಬೇಕು, ಬಿಲ್ಲಿಗೆ ತೋಳು ಕೊಡಬೇಕು. ಹಾಗಾಗಿ ಯಾರೇ ಬಂದು ಅಲಗು ಕೇಳಿದರೂ ವರ್ನಾ ಮೊದಲು ಅವರ ಕೈಗೆ ಬಿಲ್ಲು ಕೊಟ್ಟು ಎಳೆಸುತ್ತಾರೆ. ಎಳೆಯುವಾಗ ಅವರು ಬಿಲ್ಲನ್ನು ನೋಡುವುದಿಲ್ಲ, ಮುಖವನ್ನು ನೋಡುತ್ತಾರೆ. ಹಲ್ಲು ಕಚ್ಚಿದವರಿಗೆ ಅಗಲದ ಅಲಗು ಕೊಡುವುದಿಲ್ಲ. ಡೆರೆಕ್‌ಗೆ ಇದು ತಲೆನೋವು.

"ಅವರು ಕೇಳಿದ್ದು ಕೊಟ್ಬಿಡಿ ವರ್ನಾ. ಇದು ಅಂಗಡಿ, ಚರ್ಚ್ ಅಲ್ಲ," ಎನ್ನುತ್ತಾರೆ ಆತ.

"ಚರ್ಚಲ್ಲಾದ್ರೆ ತಪ್ಪು ಮಾಡಿದ್ಮೇಲೆ ಕ್ಷಮೆ ಸಿಗುತ್ತಪ್ಪ. ಇಲ್ಲಿ ಸಿಗಲ್ಲ, ಅದಕ್ಕೇ ಹೇಳೋದು."

ಬುಧವಾರ ಬೆಳಿಗ್ಗೆ ಆರ್ವಿಡ್ ಟ್ವೈಟ್ ಬರುತ್ತಾರೆ. ಶಾಲೆಯ ಬಸ್ ಓಡಿಸಿ ನಿವೃತ್ತರಾದವರು. ಊರಿನ ಅರ್ಧ ಜನರನ್ನು ಒಂದಲ್ಲ ಒಂದು ದಿನ ಗದರಿಸಿ ಸೀಟಿನಲ್ಲಿ ಕೂರಿಸಿದವರು. ಎರಡು ವರ್ಷದ ಹಿಂದೆ ಭುಜದ ಆಪರೇಷನ್ ಆಗಿ, ಬಿಲ್ಲಿನ ಬಿಗುವನ್ನು ಇಳಿಸಿಕೊಂಡಿದ್ದಾರೆ. ಕಳೆದ ಶರತ್ಕಾಲ ಅವರು ಒಂದು ಗಂಡು ಜಿಂಕೆಗೆ ಬಾಣ ಬಿಟ್ಟರು. ಅದರ ಒಂದು ಕೊಂಬು ಕಿವಿಯ ಕೆಳಕ್ಕೆ ಬಾಗಿತ್ತು, ಊರವರು ಡೊಂಕ ಎಂದೇ ಕರೆಯುತ್ತಿದ್ದರು. ಬಾಣ ತಾಗಿತು, ಜಿಂಕೆ ಸಿಗಲಿಲ್ಲ. ನೆರೆಹೊರೆಯವರೆಲ್ಲ ಸಾಲಾಗಿ ನಿಂತು ಕಣಿವೆಯನ್ನು ಬಾಚಿದರೂ ರಕ್ತದ ಜಾಡು ತೊರೆಯ ಹತ್ತಿರ ಕಡಿದುಹೋಯಿತು.

ನಮ್ಮ ಕಣಿವೆಯಲ್ಲಿ ಹಳಬರು ಪಾಲಿಸುವ ಒಂದು ಕಟ್ಟುಪಾಡಿದೆ. ಗಾಯ ಮಾಡಿ ಕಳೆದುಕೊಂಡ ಜಿಂಕೆಯೂ ಆ ವರ್ಷದ ನಿನ್ನ ಪಾಲಿನ ಲೆಕ್ಕಕ್ಕೇ. ಕಾಯಿದೆ ಹಾಗೆ ಹೇಳುವುದಿಲ್ಲ, ಯಾರೂ ಬಂದು ಕೇಳುವುದೂ ಇಲ್ಲ. ಆರ್ವಿಡ್ ಮಾತ್ರ ತಮ್ಮ ಪರವಾನಗಿ ಚೀಟಿಯನ್ನು ತಾವೇ ಹರಿದು, ಆ ವರ್ಷಕ್ಕೆ ಬಿಲ್ಲನ್ನು ಗೋಡೆಗೆ ಏರಿಸಿದರು. ಬರೀ ಗೀರಿದೆ, ಡೊಂಕ ಬದುಕಿದ್ದಾನೆ ಎಂದು ಎಲ್ಲರೂ ಸಮಾಧಾನ ಹೇಳಿದರು. ಆರ್ವಿಡ್ ಅದನ್ನು ನಂಬಿದರು. ಬೇಸಿಗೆಯಿಡೀ ಕಾಡಿನ ಮರಗಳಿಗೆ ಕ್ಯಾಮೆರಾ ಕಟ್ಟಿ ಡೊಂಕನ ದಾರಿ ಕಾದರು.

"ಹೋದ ವರ್ಷದ್ದೇ ಅಲಗು ಕೊಡು ವರ್ನಾ, ಅಗಲಕ್ಕೆ ಬಿಚ್ಚೋದು," ಎನ್ನುತ್ತಾರೆ ಬೆಂಚಿಗೆ ಒರಗಿ. "ಈ ಸಲ ಅವನನ್ನ ಬಿಡಲ್ಲ."

"ಬಿಲ್ಲು ಎಳಿ ನೋಡೋಣ."

"ನನ್ನ ಮುಖ ನೀನು ನೋಡದೇ ಇರೋದಾ? ಕೊಡು ಸುಮ್ನೆ."

"ಎಳಿ ಆರ್ವಿಡ್."

ಎಳೆಯುತ್ತಾರೆ. ಹಲ್ಲು ಕಚ್ಚುತ್ತಾರೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಮಾರಾಯ," ಎಂದು ವರ್ನಾ ಒಂದು ಗಟ್ಟಿ ಅಲಗನ್ನು ಮುಂದಿಡುತ್ತಾರೆ. ಎರಡೇ ಬಾಯಿ, ಹೆಬ್ಬೆರಳಿಗಿಂತ ಸ್ವಲ್ಪ ಅಗಲ, ಒಂದೇ ಉಕ್ಕಿನ ತುಂಡಿನಲ್ಲಿ ಮಾಡಿದ್ದು. "ಇದು ತೂಕ ಜಾಸ್ತಿ, ಮೈ ಸಣ್ಣ. ಬಳೇನೂ ಉಕ್ಕಿಂದೇ ಹಾಕ್ತೀನಿ. ನಿನ್ನ ಬಿಲ್ಲಿಗೆ ಇದೇ ಸರಿ."

"ಇದಾ? ನನ್ನ ಹೆಂಡ್ತಿ ಆಲೂಗೆಡ್ಡೆ ಸಿಪ್ಪೆ ತೆಗೆಯೋ ಚಾಕು ಇದಕ್ಕಿಂತ ದೊಡ್ಡದಿದೆ. ಇದ್ರಲ್ಲಿ ಹೊಡೆದ್ರೆ ರಕ್ತದ ಜಾಡೇ ಇರಲ್ಲ. ಡೊಂಕ ಮತ್ತೆ ತಪ್ಪಿಸ್ಕೋತಾನೆ."

ಗಲ್ಲೆಯಿಂದ ಡೆರೆಕ್ ಕತ್ತು ಚಾಚಿ, "ಅಗಲದ್ದು ಸ್ಟಾಕ್ ಇದೆ ಆರ್ವಿಡ್," ಎನ್ನುತ್ತಾರೆ.

ವರ್ನಾ ಎದ್ದು ಮೊಳೆಯಿಂದ ಏಪ್ರನ್ ತೆಗೆಯುತ್ತಾರೆ.

ಏಪ್ರನ್ನಿನ ಹಿಂದೆ, ಅದೇ ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಒಂದು ಮೂಳೆ. ಜಿಂಕೆಯ ಹೆಗಲಿನ ಚಪ್ಪಟೆ ಮೂಳೆ, ಬಿಳಿಚಿಕೊಂಡಿದೆ. ಅದರ ನಡುವೆ ಒಂದು ಅಲಗು ಸಿಕ್ಕಿಕೊಂಡಿದೆ. ಒಂದು ರೆಕ್ಕೆ ಬಿಚ್ಚಿಕೊಂಡಿದೆ, ಇನ್ನೊಂದು ಅರ್ಧಕ್ಕೇ ನಿಂತಿದೆ. ಹಿಂದಿನ ಬಳೆ ಬಾಗಿ, ಕಡ್ಡಿ ಅಲ್ಲಿಗೇ ಮುರಿದಿದೆ. ಬಳೆಯ ಅಂಚಿನಲ್ಲಿ ಹಸಿರು ಬಣ್ಣದ ಚುಕ್ಕೆ ಮಾಸದೆ ಉಳಿದಿದೆ.

"ನನ್ನ ತಂಗಿ ಮಾರ್ಸೆಲ್ಲಾ ಅಣಬೆಗೆ ಹೋಗಿದ್ಲು," ಎನ್ನುತ್ತಾರೆ ವರ್ನಾ. "ತೊರೆ ಆಚೆ, ಸತ್ತ ಎಲ್ಮ್ ಮರದ ಕೆಳಗೆ. ತಲೆಬುರುಡೆನೂ ಅಲ್ಲೇ ಇತ್ತಂತೆ. ಒಂದು ಕೊಂಬು ಬಾಗಿತ್ತು."

ಆರ್ವಿಡ್ ಮೂಳೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಹೆಬ್ಬೆರಳಿನಿಂದ ಹಸಿರು ಚುಕ್ಕೆಯನ್ನು ಮುಟ್ಟುತ್ತಾರೆ.

"ಇದು ನಿನ್ನ ಬಣ್ಣ."

"ನಂದೇ. ನಾನೇ ಹಾಕಿಕೊಟ್ಟಿದ್ದು. ಬೇಡ ಅನ್ನಿಸ್ತು, ನೀನು ಹಟ ಮಾಡ್ದೆ, ಕೊಟ್ಟೆ."

"ಯಾವಾಗಿಂದ ಇದೆ ಇಲ್ಲಿ?"

"ಮೇ ತಿಂಗಳಿಂದ."

"ಬೇಸಿಗೆಯಿಡೀ ನಾನು ಕ್ಯಾಮೆರಾಗೆ ಬ್ಯಾಟರಿ ಹಾಕ್ತಾ ಇದ್ದೆ ವರ್ನಾ."

"ಗೊತ್ತು. ದಿನಾ ಹೇಳ್ಬೇಕು ಅಂದ್ಕೋತಿದ್ದೆ. ಬಾಯಿ ಬರ್ಲಿಲ್ಲ."

ಆರ್ವಿಡ್ ಮೂಳೆಯನ್ನು ಬೆಂಚಿನ ಮೇಲಿಟ್ಟು, ಬಿಲ್ಲನ್ನು ಹೆಗಲಿಗೇರಿಸಿಕೊಂಡು ಹೊರಟುಹೋಗುತ್ತಾರೆ. ಬಾಣಗಳು ಬೆಂಚಿನ ಮೇಲೇ ಉಳಿಯುತ್ತವೆ. ವರ್ನಾ ಮೂಳೆಯನ್ನು ಮತ್ತೆ ಮೊಳೆಗೆ ತೂಗುಹಾಕುತ್ತಾರೆ. ಈ ಸಲ ಅದರ ಮೇಲೆ ಏಪ್ರನ್ ಹೊದಿಸುವುದಿಲ್ಲ.

ಗುರುವಾರ ಆರ್ವಿಡ್ ಬರುವುದಿಲ್ಲ. ವರ್ನಾ ಬೇರೆಯವರ ಬಾಣಗಳನ್ನು ಉರುಳಿಸುತ್ತಾರೆ. ಹಿಂದಿನ ದಿನದ ಮೂಳೆಯ ಸುದ್ದಿ ಊರೆಲ್ಲ ಹಬ್ಬಿದೆ, ನೋಡಲು ಬಂದವರಲ್ಲಿ ಮೂವರು ಅಗಲದ ಅಲಗನ್ನು ವಾಪಸು ಕೊಟ್ಟು ಹೋಗುತ್ತಾರೆ. ಡೆರೆಕ್ ಹೊಟ್ಟೆ ಉರಿದುಕೊಳ್ಳುತ್ತಾರೆ. ನಡುನಡುವೆ ಬಾಗಿಲಿನ ಗಂಟೆ ಸದ್ದಾದಾಗೆಲ್ಲ ವರ್ನಾ ತಲೆ ಎತ್ತುತ್ತಾರೆ. "ಅವನು ಬಿಲ್ಲು ಬಿಟ್ಟೇಬಿಟ್ರೆ ಅದು ನನ್ನಿಂದ್ಲೇ," ಎಂದು ಒಮ್ಮೆ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಇಷ್ಟು ವರ್ಷದಿಂದ ಅವರನ್ನು ಕಂಡಿದ್ದರೂ, ಚುಕ್ಕೆ ಇಡದೆ ಬಾಣವನ್ನು ಡಬ್ಬಿಗೆ ಹಾಕಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಶುಕ್ರವಾರ, ಅಂಗಡಿಯ ದೀಪ ಹತ್ತುವ ಮೊದಲೇ, ಹಿಂಬಾಗಿಲ ಮೆಟ್ಟಿಲ ಮೇಲೆ ಆರ್ವಿಡ್ ಕೂತಿದ್ದಾರೆ.

"ಆ ಆಲೂಗೆಡ್ಡೆ ಚಾಕು ಹಾಕು," ಎನ್ನುತ್ತಾರೆ. ಅಷ್ಟೇ.

ವರ್ನಾ ಹಳೆಯ ಬಳೆಗಳನ್ನು ಬಿಸಿ ಮಾಡಿ ಕಿತ್ತು, ಉಕ್ಕಿನವನ್ನು ತೊಡಿಸುತ್ತಾರೆ. ಬಳೆಗೂ ಅಲಗಿನ ಬುಡಕ್ಕೂ ನಡುವೆ ಉಗುರು ಓಡಿಸಿ ನೋಡುತ್ತಾರೆ, ಎಲ್ಲೂ ತಡೆಯುವುದಿಲ್ಲ. ಒಂದೊಂದನ್ನೂ ಉರುಳಿಸುತ್ತಾರೆ. ಒಂದು ಕಡ್ಡಿ ಎಷ್ಟು ತಿದ್ದಿದರೂ ಮೊನೆ ನಿಲ್ಲಿಸುವುದಿಲ್ಲ, ಅದನ್ನು ಮುರಿದು ಬುಟ್ಟಿಗೆ ಹಾಕುತ್ತಾರೆ. ಹಿತ್ತಿಲಿನ ಗುರಿಹಲಗೆಗೆ ಆರ್ವಿಡ್ ಮೊದಲು ಬೋಳುಮೊನೆಯ ಬಾಣ ಬಿಡುತ್ತಾರೆ, ಆಮೇಲೆ ಅಲಗಿನದು. ಎರಡೂ ಪಕ್ಕಪಕ್ಕ ನಾಟುತ್ತವೆ, ನಡುವೆ ಒಂದು ಬೆರಳು ಹಿಡಿಸಬಹುದು.

"ಇಷ್ಟು ದೂರದಿಂದ ಮಾತ್ರ ಬಿಡು. ಜಿಂಕೆ ಇದಕ್ಕಿಂತ ಆಚೆ ನಿಂತ್ರೆ ನಮಸ್ಕಾರ ಹೇಳಿ ಕಳಿಸು," ಎನ್ನುತ್ತಾರೆ ವರ್ನಾ.

"ನನ್ನ ಬಸ್ಸಲ್ಲಿ ನಿನ್ನನ್ನ ಕೂರಿಸಿದ್ದಿದ್ರೆ ನಾನೇ ಇಳಿದು ನಡೀಬೇಕಿತ್ತು," ಎಂದು ಆರ್ವಿಡ್ ಬಾಣಗಳನ್ನು ಕಟ್ಟಿಕೊಳ್ಳುತ್ತಾರೆ.

ಶನಿವಾರ ಊರು ಖಾಲಿ. ಅಂಗಡಿಯಲ್ಲಿ ವರ್ನಾ ಕಾಫಿ ಬಗ್ಗಿಸಿಕೊಂಡು ಕುಡಿಯುವುದನ್ನು ಮರೆತಿದ್ದಾರೆ. ಬೆಳಗಿನಿಂದ ಎರಡು ಸಲ ಬೆಂಚು ಒರೆಸಿದ್ದಾರೆ. ಹನ್ನೊಂದರ ಹೊತ್ತಿಗೆ ಆರ್ವಿಡ್ ಅವರ ಪಿಕಪ್ ಬಂದು ನಿಲ್ಲುತ್ತದೆ. ಹಿಂದೆ ಒಂದು ಹೆಣ್ಣು ಜಿಂಕೆ ಮಲಗಿದೆ. ಆರ್ವಿಡ್ ಒಳಗೆ ಬಂದು ಒಂದು ಬಾಣವನ್ನು ಬೆಂಚಿನ ಮೇಲಿಡುತ್ತಾರೆ. ಗರಿಗಳವರೆಗೂ ರಕ್ತ, ಮೊನೆಗೆ ಹಸಿ ಮಣ್ಣು. ಬಾಣ ಆಚೆ ಹಾಯ್ದು ನೆಲಕ್ಕೆ ನಾಟಿದೆ.

ವರ್ನಾ ಅದನ್ನು ಒರೆಸಿ, ಗಾಲಿಗಳ ಮೇಲಿಟ್ಟು ಉರುಳಿಸುತ್ತಾರೆ. ಮೊನೆ ನಿಂತಲ್ಲೇ ನಿಂತಿದೆ.

"ಜಾಡು ಹುಡುಕಿದ್ಯಾ?" ಎಂದು ಕೇಳುತ್ತಾರೆ.

"ಹುಡುಕೋದೇನು ಬಂತು. ಬಾಣ ತಾಗಿದ್ದು ಅವಳಿಗೇ ಗೊತ್ತಾಗ್ಲಿಲ್ಲ ಅನ್ಸುತ್ತೆ. ನಾಲ್ಕು ಹೆಜ್ಜೆ ನಡೆದು, ನಿಂತು, ಮಲಗಿಬಿಟ್ಲು. ನಾನು ಕೂತಲ್ಲಿಂದ ಕಾಣ್ತಾನೇ ಇದ್ಲು." ಆರ್ವಿಡ್ ಟೋಪಿ ತೆಗೆಯುತ್ತಾರೆ. ಆಮೇಲೆ ಮೂಳೆಯ ಕಡೆ ಕೈ ತೋರಿಸುತ್ತಾರೆ. "ಅದನ್ನ ಕೊಡು. ಎಲ್ಮ್ ಕೆಳಗೆ ಉಳಿದದ್ದಿದೆಯಲ್ಲ, ಅಲ್ಲೇ ಹೂತು ಬರ್ತೀನಿ."

ವರ್ನಾ ದಾರ ಬಿಚ್ಚಿ ಕೊಡುತ್ತಾರೆ.

ಈ ಲೇಖನಕ್ಕೆ ಒಂದು ಕೊನೆಯ ಮಾತು ಬೇಕೆಂದು ನಾನು ಸೋಮವಾರ ಮತ್ತೆ ಹೋಗುತ್ತೇನೆ. ವರ್ನಾ ಏಪ್ರನ್ ಹಾಕಿಕೊಂಡು ಕೂತಿದ್ದಾರೆ. ಮಾಂಸದ ಒಂದು ಕಟ್ಟು ಆರ್ವಿಡ್ ಅವರ ಮನೆಯಿಂದ ಬಂದು ಎರೆಹುಳದ ಫ್ರಿಜ್ಜಿನಲ್ಲಿ ಕೂತಿದೆ. ಡೆರೆಕ್ ಒಂದು ಚೌಕಟ್ಟು ಹಿಡಿದು ಬರುತ್ತಾರೆ, ಒಳಗೆ ಆರ್ವಿಡ್ ಮತ್ತು ಜಿಂಕೆಯ ಫೋಟೊ. ಮುಂಗೋಡೆಯಲ್ಲಿ ಜಾಗವಿಲ್ಲ, ನಿಮ್ಮ ಬೆಂಚಿನ ಮೇಲೇ ಇರಲಿ, ನಿಮ್ಮದೇ ಕೆಲಸ ತಾನೇ ಎಂದು ಅದನ್ನು ಮೂಳೆ ಇದ್ದ ಆ ಮೊಳೆಗೆ ತೂಗುಹಾಕಿ ಹೋಗುತ್ತಾರೆ. ವರ್ನಾ ಫೋಟೊವನ್ನು ಕೊಂಚ ಹೊತ್ತು ನೋಡುತ್ತಾರೆ. ಚೆನ್ನಾಗಿದೆ ಎನ್ನುತ್ತಾರೆ. ಎದ್ದು, ಮೆಲ್ಲಗೆ ಬಿಡಿಸಿ, ಪಕ್ಕದ ಕಪಾಟಿನ ಮೇಲೆ ಒರಗಿಸಿ ಇಡುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಏನಿಲ್ಲಪ್ಪ," ಎಂದು ಅವರು ಮುಂದಿನ ಬಾಣವನ್ನು ಗಾಲಿಯ ಮೇಲಿಡುತ್ತಾರೆ. "ಆ ಮೊಳೆ ಖಾಲಿ ಇದ್ರೆ ಸಾಕು."