ಸ್ಕೂಟರ್ ಡಿಕ್ಕಿಯಲ್ಲಿ ಉಳಿದ ಮಡಿಲಕ್ಕಿ

ನಮ್ಮ ಬೆಕ್ಕು ಎರಡು ಮರಿ ಹಾಕಿ ತಿಂಗಳಾಗುವಷ್ಟರಲ್ಲಿ ಯಜಮಾನರ ಉಬ್ಬಸ ಹೆಚ್ಚಾಯಿತು. ಬೆಕ್ಕಿನ ಕೂದಲು ಇವರಿಗೆ ಆಗುವುದಿಲ್ಲ, ಮನೆಯಲ್ಲಿ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿಬಿಟ್ಟರು. ಅವರ ಉಸಿರಿಗಿಂತ ಬೆಕ್ಕು ದೊಡ್ಡದಲ್ಲ, ಒಪ್ಪಿಕೊಂಡೆ. ಆದರೆ ಎಲ್ಲೋ ಬಿಟ್ಟು ಬರುವುದಕ್ಕೆ ಮಾತ್ರ ಒಪ್ಪಲಿಲ್ಲ. ದಿನಾ ದೇವರಮನೆಯ ಹೊಸ್ತಿಲಾಚೆ ಕೂತು, ಮಂಗಳಾರತಿ ಮುಗಿದ ಮೇಲೆಯೇ ಹಾಲು ಕೇಳುತ್ತಿದ್ದ ಜೀವ ಅದು.

ಶ್ರೀನಿವಾಸಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಹೋಗಿ ಕೇಳಿದೆ. ಮರಿ ಬೇಕು ಎಂದವರಿಗೆ ತಾಯಿ ಬೇಡ. ದನದ ಆಸ್ಪತ್ರೆಗೂ ಹೋದೆ. "ಮರಿಗಳು ಹಾಲು ಬಿಡ್ಲಿ ಅಮ್ಮ, ಆಮೇಲೆ ತಾಯಿನ ತಗೊಂಬನ್ನಿ, ಇನ್ನು ಮರಿ ಹಾಕ್ದಂಗೆ ಆಪರೇಷನ್ ಮಾಡೋಣ. ಅಲ್ಲೀವರ್ಗೂ ಬೇರೆ ಮಾಡ್ಬೇಡಿ" ಎಂದರು ಅಲ್ಲಿನ ಡಾಕ್ಟರು.

ಕೊನೆಗೆ ಯಲ್ದೂರಿನ ನಾದಿನಿ ದಾರಿ ತೋರಿಸಿದಳು. ಅವಳದು ರೇಷ್ಮೆ ಹುಳು ಸಾಕುವ ಮನೆ. "ಮೂರನ್ನೂ ಕಳ್ಸಿ ಅತ್ಗೆ. ಹುಳುಮನೆ ಸುತ್ತ ಇಲಿ ಕಾಟ ತಡಿಯಕ್ಕಾಗ್ತಿಲ್ಲ" ಎಂದು ಫೋನಿನಲ್ಲಿ ಹೇಳಿದಾಗ ದೇವರಿಗೆ ಒಂದು ಹೂ ಹೆಚ್ಚಿಗೆ ಇಟ್ಟೆ.

ಬಾಣಂತಿಯನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಹಳದಿ ಬಟ್ಟೆಯಲ್ಲಿ ಅಕ್ಕಿ, ಬೆಲ್ಲದಚ್ಚು ಕಟ್ಟಿ ಯಜಮಾನರ ಕೈಗೆ ಕೊಟ್ಟೆ.

"ಬೆಕ್ಕಿಗೂ ಮಡಿಲಕ್ಕಿನಾ? ಸೀರೆ ಬ್ಯಾಡ್ವಾ?" ಎಂದು ನಕ್ಕರು.

"ನಿಮ್ ತಂಗಿಗೆ ಕೊಡ್ರೀ ಅದನ್ನ. ನಮ್ಮನೆ ಮಗಳು ಬಂದ್ಲು ಅಂತ ನೋಡ್ಕೊಳ್ಳಿ."

ಬೆಕ್ಕು ಚೀಲದೊಳಗೆ ಇಳಿಯಲು ಒಲ್ಲೆ ಎಂದಿತು. ನಾನು ಕರೆದೆ, ಇಳಿಯಿತು. ಈಗಲೂ ಚುಚ್ಚುವುದು ಅದೇ.

ಸಂಜೆ ಬಂದವರು, "ಬಿಟ್ಬಂದೆ ಕಣೇ. ಹೋದ್ ತಕ್ಷಣ ಹಾಲು ಕುಡೀತು" ಎಂದರು. ಒಂದು ಮಾತು ಹೆಚ್ಚಿಗೆ ಕೇಳಲಿಲ್ಲ. ಬೆಕ್ಕನ್ನು ದಾಟಿಸಿದ ಮೇಲೆ ಹದಿನೈದು ದಿನ ಅದರ ಸುದ್ದಿ ಎತ್ತಬಾರದು, ಎತ್ತಿದರೆ ದಾರಿ ಹಿಡಿದು ವಾಪಸು ಬರುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಅದನ್ನು ನಂಬಿ ನಾದಿನಿಗೆ ಫೋನನ್ನೂ ಮಾಡದೆ ಬಾಯಿ ಕಟ್ಟಿಕೊಂಡು ಕೂತೆ.

ಆರನೇ ದಿನ ಕೊಡೆ ತೆಗೆಯಲು ಸ್ಕೂಟರಿನ ಡಿಕ್ಕಿ ಎತ್ತಿದರೆ ಹಳದಿ ಗಂಟು ಇಟ್ಟಲ್ಲೇ ಇತ್ತು. ಬೆಲ್ಲ ಕರಗಿ ಇರುವೆ ಮುತ್ತಿತ್ತು. ಕೂಡಲೇ ನಾದಿನಿಗೆ ಫೋನು ಮಾಡಿದೆ.

"ಯಾವ ಬೆಕ್ಕು ಅತ್ಗೆ? ನಿಮ್ಗೇ ಕೊಡಕ್ಕೆ ಮನಸ್ಸಿಲ್ವಂತಲ್ಲ, ಅಣ್ಣ ಹೇಳ್ತು. ನಾನೂ ಹೋಗ್ಲಿ ಬಿಡು ಅಂತ ಸುಮ್ನಾದೆ."

ಯಜಮಾನರು ಪೇಪರು ಓದುತ್ತಿದ್ದರು. ಗಂಟನ್ನು ಅವರ ತೊಡೆಯ ಮೇಲಿಟ್ಟೆ.

"ಚೀಲದಲ್ಲಿ ಒಂದೇ ಸಮ ಕಿರಚ್ತಿತ್ತು ಕಣೇ, ನಂಗೂ ಉಸಿರು ಕಟ್ಟಂಗಾಯ್ತು. ಮಾವಿನ ಮಂಡೀಲಿ ಬಿಟ್ಟೆ. ಅಲ್ಲಿ ಇಲಿಗೇನು ಬರವಾ?"

"ಸೀಸನ್ನು ಮುಗಿದು ಎಷ್ಟು ದಿನ ಆಯ್ತು? ಅಲ್ಲಿ ಇಲಿಗಾದ್ರೂ ಏನಿದೆ ತಿನ್ನಕ್ಕೆ?"

ಅವರು ಪೇಪರು ಮಡಚಿದರು. "ಒಂದ್ ಬೆಕ್ಕಿಗೆ ಇಷ್ಟೊಂದಾ" ಎಂದರು.

ಬೆಕ್ಕಿಗಲ್ಲ. ಉಸಿರು ಕಟ್ಟಿತು ಎಂದು ಅವತ್ತೇ ಹೇಳಿದ್ದರೆ ನಾನೇ ಬಸ್ಸು ಹತ್ತುತ್ತಿದ್ದೆ. ಹಾಲು ಕುಡೀತು ಎಂದು ಯಾಕೆ ಹೇಳಬೇಕಿತ್ತು? ತಂಗಿಯ ಮುಂದೆ ತಪ್ಪನ್ನು ನನ್ನ ತಲೆಗೆ ಯಾಕೆ ಕಟ್ಟಬೇಕಿತ್ತು?

ಡಬ್ಬಿಯಲ್ಲಿ ಹಾಲನ್ನ ಕಲಸಿಕೊಂಡು, ಚೀಲ ಹಿಡಿದು ಮಂಡಿಗೆ ಹೋದೆ. ಬೇಸಿಗೆಯಲ್ಲಿ ಲಾರಿಗಳ ನಡುವೆ ಕಾಲಿಡಲು ಜಾಗವಿರದ ಕಡೆ ಈಗ ಖಾಲಿ ಕ್ರೇಟು, ಒಣಹುಲ್ಲು ಅಷ್ಟೇ. ಗುಡಿಸುತ್ತಿದ್ದ ಹೆಂಗಸನ್ನು ಬೆಕ್ಕು ಕಂಡಿರಾ ಎಂದು ಕೇಳಿದೆ.

"ಪಿಲ್ಲಿನಾ? ಆ ಕ್ರೇಟಿನ ಹಿಂದೈತೆ ನೋಡಮ್ಮ. ನಾನೇ ಒಸಿ ಮುದ್ದೆ ಹಾಕ್ತಿದ್ದೆ. ಮರಿ ಒಂದೇ ಉಳ್ಕಂಡಿರಾದು, ಇನ್ನೊಂದನ್ನ ನಾಯಿ ಎಳ್ಕಂಡೋಯ್ತು. ಯಾವ ಪಾಪಿ ಬಿಟ್ಟೋದ್ನೋ!"

ಆ ಹೆಂಗಸು ತನ್ನ ಬುತ್ತಿಯಲ್ಲಿ ಪಾಲು ಕೊಟ್ಟಿದ್ದಳು, ಅದು ಭಗವಂತನ ದಯೆ.

ಕರೆದೆ. ಬೆಕ್ಕು ನನ್ನನ್ನು ನೋಡಿತು, ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿತು, ಇನ್ನೂ ಹಿಂದಕ್ಕೆ ಸರಿಯಿತು. ಚೀಲವನ್ನು ದೂರ ಎಸೆದು ನೆಲದ ಮೇಲೆ ಕೂತೆ. ಹಾಲನ್ನಕ್ಕೆ ಮೊದಲು ಬಂದದ್ದು ಮರಿ. ಬಹಳ ಹೊತ್ತಿನ ಮೇಲೆ ತಾಯಿ. ಎರಡನ್ನೂ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಯಲ್ದೂರಿನ ಬಸ್ಸು ಹತ್ತಿದೆ. ಹಿಂದೆ ಕೂತಿದ್ದ ಅಜ್ಜಿ, "ಮಗೂಗೆ ಹುಷಾರಿಲ್ವಾ?" ಎಂದರು. ಹೂಂ ಎಂದೆ.

ಮರಿ ಹಾಲು ಬಿಟ್ಟ ಮೇಲೆ ನಾದಿನಿಯೇ ತಾಯಿಯನ್ನು ಆಪರೇಷನ್ನಿಗೆ ಕರೆತಂದಳು. ಈಗ ಹುಳುಮನೆಯ ಬಾಗಿಲಲ್ಲಿ ಎರಡೂ ಕಾವಲಿವೆಯಂತೆ. ಯಜಮಾನರ ಉಬ್ಬಸವೂ ತಗ್ಗಿದೆ. ಇಷ್ಟಕ್ಕೂ ದೇವರಿಗೆ ಕೈ ಮುಗಿಯುತ್ತೇನೆ. ಹೋದ ಮರಿಯ ಹೆಸರಿನಲ್ಲಿ ಏನೆಂದು ಮುಗಿಯಲಿ, ತಿಳಿಯದು.

ಮೊನ್ನೆ ದೇವಸ್ಥಾನಕ್ಕೆ ದೀಪದ ಎಣ್ಣೆ ಕಳಿಸಿದ್ದೆ. "ಪೂಜಾರಪ್ಪನ ಕೈಗೇ ಕೊಟ್ಟೆ ಕಣೇ" ಎಂದು ಯಜಮಾನರು ಸ್ನಾನಕ್ಕೆ ಹೋದರು. ನಾನು ಹೊರಗೆ ಹೋಗಿ ಸ್ಕೂಟರಿನ ಡಿಕ್ಕಿ ಎತ್ತಿ ನೋಡಿದೆ. ಖಾಲಿ ಇತ್ತು. ಆದರೂ ಪೂಜಾರಪ್ಪನನ್ನು ಒಂದು ಮಾತು ಕೇಳಿ ಬಂದೆ.